ನಾಕ್ಸೋಸ್‌ನ ಝಾಸ್ ಶಿಖರ ಚಾರಣ: ಗೈಡ್‌ಗೆ ಹಣ ಕಟ್ಟುವ ಮುನ್ನ ದಯವಿಟ್ಟು ಓದಿ

ಗ್ರೀಸಿನ ನಾಕ್ಸೋಸ್ ದ್ವೀಪಕ್ಕೆ ಹೋಗಲಿರುವವರಿಗೆ, ಅದರಲ್ಲೂ ಅಲ್ಲಿನ ಝಾಸ್ ಬೆಟ್ಟವನ್ನು ಗೈಡ್ ಜೊತೆ ಹತ್ತೋಣವೆಂದು ಮುಂಗಡ ಕಟ್ಟಲು ಹೊರಟಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಹಣ ಪಡೆದು, ಶಿಖರವಲ್ಲದ ದಿಬ್ಬವೊಂದರ ಮೇಲೆ ನಿಲ್ಲಿಸಿ, ಇದೇ ಶಿಖರವೆಂದು ಹೇಳಿ, ಕೈಗೆ ಪ್ರಮಾಣಪತ್ರವನ್ನೂ ಕೊಟ್ಟು ಕೆಳಗಿಳಿಸುವ ಸಂಸ್ಥೆಯೊಂದು ಅಲ್ಲಿದೆ. ನಮಗೆ ಆದದ್ದು ಇದೇ. ಬ್ಯಾಂಕಿನಲ್ಲಿ ತಕರಾರು ನಡೆಯುತ್ತಿರುವುದರಿಂದ ಸಂಸ್ಥೆಯ ಹೆಸರನ್ನು ಈಗ ಬರೆಯುತ್ತಿಲ್ಲ. ಆದರೆ ಅವರು ಏನು ಮಾಡಿದರು, ಕೇಳಿದಾಗ ಏನೇನು ಉತ್ತರ ಕೊಟ್ಟರು ಎಂಬುದನ್ನು ಬಿಡದೆ ಬರೆಯುತ್ತೇನೆ. ಹೆಸರಿಲ್ಲದಿದ್ದರೂ ಆ ಮಾತಿನ ವರಸೆಯಿಂದಲೇ ಅವರನ್ನು ಗುರುತಿಸಬಹುದು.

ಝಾಸ್ 1,004 ಮೀಟರ್ ಎತ್ತರದ ಬೆಟ್ಟ. ನಾಕ್ಸೋಸ್‌ಗೆ ಮಾತ್ರವಲ್ಲ, ಸೈಕ್ಲೇಡ್ಸ್ ದ್ವೀಪಸಮೂಹಕ್ಕೇ ಅದು ಅತಿ ಎತ್ತರದ ಜಾಗ. ಗ್ರೀಕರ ದೇವರಾಜ ಜ್ಯೂಸ್ ಬೆಳೆದದ್ದು ಈ ದ್ವೀಪದಲ್ಲಿ ಎಂದು ಅಲ್ಲಿನವರು ಹೇಳುತ್ತಾರೆ. ಬೆಟ್ಟಕ್ಕೂ ಅವನದೇ ಹೆಸರು. ಹತ್ತುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಫಿಲೋಟಿ ಹಳ್ಳಿಯ ಕಡೆಯಿಂದ ಆರಿಯಾ ಚಿಲುಮೆ, ಅಲ್ಲಿಂದ ಝಾಸ್ ಗುಹೆ, ಗುಹೆಯ ಮೇಲಿನ ಕಡಿದಾದ ಕೊರಕಲಿನಲ್ಲಿ ಸಡಿಲ ಕಲ್ಲುಗಳ ಮೇಲೆ ಏರಿ ಬೆಟ್ಟದ ಏಣನ್ನು, ಅಂದರೆ ಬೆನ್ನೆಲುಬಿನಂತೆ ಉದ್ದಕ್ಕೆ ಚಾಚಿದ ಅದರ ಮೇಲಂಚನ್ನು, ಸೇರುವುದು ಒಂದು. ಡನಾಕೋಸ್ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ಆಗಿಯಾ ಮರೀನಾ ಎಂಬ ಪುಟ್ಟ ಪ್ರಾರ್ಥನಾ ಮಂದಿರದಿಂದ ಹೊರಟು, ಏಣಿನ ಮೇಲೆಯೇ ನಡೆಯುತ್ತ ತುದಿ ಮುಟ್ಟುವುದು ಇನ್ನೊಂದು. ಎರಡನೆಯದು ಸುಲಭ, ಅಭ್ಯಾಸವಿರುವವರಿಗೆ ಎರಡು ಗಂಟೆಯೊಳಗಿನ ಏರು. ನಮಗೆ ಮಾರಿದ್ದು ಎರಡನ್ನೂ ಸೇರಿಸಿದ ಚಾರಣವನ್ನು: ಆಗಿಯಾ ಮರೀನಾದಿಂದ ಏಣಿನ ಮೇಲೆ ಶಿಖರಕ್ಕೆ, ಶಿಖರದಿಂದ ಗುಹೆಯ ದಾರಿಯಲ್ಲಿ ಆರಿಯಾ ಚಿಲುಮೆಗೆ ಇಳಿದು, ಫಿಲೋಟಿಯಲ್ಲಿ ಊಟ. ತಲೆಗೆ 80 ಯೂರೋ, ಪೂರ್ತಿ ಮುಂಗಡ. ವಿವರದಲ್ಲಿ 'ಸೈಕ್ಲೇಡ್ಸ್‌ನ ಅತ್ಯುನ್ನತ ಶಿಖರದ ಮೇಲೆ ನಿಲ್ಲಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆ ಸಾಲಿನ ಚಿತ್ರ ನನ್ನ ಬಳಿ ಇದೆ. ಅದು ಏಕೆ ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ನಾವು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನೆಲೆಸಿರುವವರು. ಸೆಪ್ಟೆಂಬರಿನಲ್ಲಿ ನಾನು, ನನ್ನ ಗಂಡ ಮತ್ತು ಹೈಸ್ಕೂಲಿನಲ್ಲಿ ಓದುವ ಮಗ ಹೋಗಿದ್ದೆವು. ನಮ್ಮ ಗುಂಪಿನಲ್ಲಿ ಬೇರೆ ದೇಶಗಳ ಮತ್ತೆ ಕೆಲವರಿದ್ದರು, ವಯಸ್ಸಾದ ದಂಪತಿಯೂ ಇದ್ದರು. ಬಂದರಿನ ಊರಾದ ಹೋರಾದಿಂದ ವ್ಯಾನಿನಲ್ಲಿ ಕರೆದೊಯ್ಯುವುದಾಗಿ ಹೇಳಿದ್ದರು. ಹೇಳಿದ ಸಮಯಕ್ಕಿಂತ ಬಹಳ ತಡವಾಗಿ ವ್ಯಾನ್ ಬಂತು, ಅದಕ್ಕೆ ಒಂದು ಕ್ಷಮೆಯ ಮಾತೂ ಇರಲಿಲ್ಲ. ಆಗಿಯಾ ಮರೀನಾದಿಂದ ಹೊರಟ ಸ್ವಲ್ಪ ಹೊತ್ತಿಗೆ ದಾರಿಯ ಪಕ್ಕದ ಬಂಡೆಯ ಮೇಲೆ ಪ್ರಾಚೀನ ಗ್ರೀಕ್ ಶಾಸನವೊಂದಿದೆ. ಕುರಿಮಂದೆಗಳನ್ನು ಕಾಯುವ ಜ್ಯೂಸನ ಹೆಸರು ಅದರಲ್ಲಿ ಕೊರೆದಿದೆ. ನಾನು ಅದನ್ನು ನೋಡಬೇಕೆಂದು ಮೊದಲೇ ಓದಿಕೊಂಡು ಹೋಗಿದ್ದೆ. ಗೈಡ್ ನಿಲ್ಲಿಸಲಿಲ್ಲ. ಕೇಳಿದ್ದಕ್ಕೆ, "ಇಳಿಯುವಾಗ ತೋರಿಸುತ್ತೇನೆ" ಎಂದ. ಗುಹೆಯ ದಾರಿಯಲ್ಲಿ ಇಳಿಯುವುದಾದರೆ ಈ ಬಂಡೆ ಮತ್ತೆ ಸಿಗುವುದೇ ಇಲ್ಲವಲ್ಲ! ಅಂದರೆ ಹೊರಟ ಜಾಗದಿಂದಲೇ ಅವನಿಗೆ ಗೊತ್ತಿತ್ತು, ಹೋದ ದಾರಿಯಲ್ಲೇ ವಾಪಸ್ ಬರುವುದೆಂದು. ಈಗ ಆ ಮಾತನ್ನು ನೆನೆದರೆ ಮೈ ಉರಿಯುತ್ತದೆ.

ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಸೆಪ್ಟೆಂಬರಿನಲ್ಲೂ ಪೂರ್ತಿ ಬಿಟ್ಟಿರುವುದಿಲ್ಲ. ಆ ಗಾಳಿಗೆ ಝಾಸ್‌ನ ನೆತ್ತಿಯ ಮೇಲೆ ಮೋಡ ಕೂರುವುದುಂಟು. ಅಂದೂ ಕೂತಿತ್ತು. ಮುಳ್ಳಿನ ಕುರುಚಲು, ಬೂದು ಬಂಡೆ, ಮೇಕೆಗಳ ಗಂಟೆಯ ಸದ್ದು ಬಿಟ್ಟರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಏಣಿನ ಮೇಲೆ ಬಂದು ಒಂದಷ್ಟು ದೂರ ನಡೆದ ಮೇಲೆ ಒಂದು ದಿಬ್ಬ ಸಿಕ್ಕಿತು. ಅದರ ಮೇಲೆ ಯಾರೋ ಚಾರಣಿಗರು ಪೇರಿಸಿದ ಮೊಣಕಾಲೆತ್ತರದ ಕಲ್ಲಿನ ಗುಪ್ಪೆ ಇತ್ತು. ಗೈಡ್ ಅಲ್ಲಿ ನಿಂತು, ಎರಡೂ ಕೈ ಅಗಲಿಸಿ, "ಅಭಿನಂದನೆಗಳು, ನೀವೀಗ ಸೈಕ್ಲೇಡ್ಸ್‌ನ ಅತಿ ಎತ್ತರದ ಜಾಗದಲ್ಲಿದ್ದೀರಿ" ಎಂದ. ಇವು ಅವನದೇ ಮಾತುಗಳು, ನಾನು ಸೇರಿಸಿದ್ದಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಚೀಲದಿಂದ ಸುರುಳಿ ಸುತ್ತಿದ, ನೀಲಿ ದಾರ ಕಟ್ಟಿದ ಹಾಳೆಗಳನ್ನು ತೆಗೆದು ಒಬ್ಬೊಬ್ಬರ ಹೆಸರು ಕೂಗಿ ಕೊಟ್ಟ. ದಪ್ಪ ಹಾಳೆ, ಮೇಲೆ ಹದ್ದಿನ ಚಿತ್ರ, ಕೆಳಗೆ 'ಝಾಸ್ ಶಿಖರ, 1,004 ಮೀಟರ್' ಎಂಬ ಅಚ್ಚು, ಅದರ ಪಕ್ಕದಲ್ಲಿ ಮೊದಲೇ ಒತ್ತಿಟ್ಟ ಮೊಹರು. ನಮ್ಮ ಮೂವರ ಫೋಟೋವನ್ನೂ ಅವನೇ ತೆಗೆದ. ಅಲ್ಲಿ ಸಿಗ್ನಲ್ ಇತ್ತು. ನಾನು ಆ ಫೋಟೋವನ್ನು ಅಲ್ಲಿಂದಲೇ ಚಿಕ್ಕಮಗಳೂರಿನಲ್ಲಿರುವ ನಮ್ಮ ತಂದೆಗೆ ಕಳುಹಿಸಿದೆ.

ಅದಾಗಿ ಸ್ವಲ್ಪ ಹೊತ್ತಿಗೆ ಮೋಡ ಹರಿಯಿತು. ನನ್ನ ಮಗ ನನ್ನ ತೋಳು ಹಿಡಿದು, "ಅಮ್ಮಾ, ಅಲ್ಲಿ ನೋಡು, ಅದು ಇದಕ್ಕಿಂತ ಎತ್ತರ ಇದೆ" ಎಂದ. ಏಣು ನಮ್ಮ ಮುಂದೆ ಒಂದು ತಗ್ಗಿಗೆ ಇಳಿದು ಮತ್ತೆ ಏರಿತ್ತು. ಆ ಏರಿನ ತುದಿಯಲ್ಲಿ ಸರ್ವೇ ಇಲಾಖೆಯವರು ನೆಡುವಂಥ ಸಿಮೆಂಟಿನ ಕಂಬ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಬಕ್ಕೆ ಒರಗಿ ಇಬ್ಬರು ನಿಂತಿದ್ದರು. ಕೈಯಲ್ಲಿ ಶಿಖರ ಹತ್ತಿದ ಪ್ರಮಾಣಪತ್ರ, ಕಣ್ಣೆದುರಿಗೆ ಶಿಖರ! ನಮ್ಮ ಗುಂಪಿನಲ್ಲಿ ಯಾರೂ ಕೆಲವು ಕ್ಷಣ ಮಾತಾಡಲಿಲ್ಲ. ಆ ಕ್ಷಣದ ಅವಮಾನವನ್ನು ಹೇಗೆ ಬರೆಯಲಿ? ಚಪ್ಪಾಳೆ ತಟ್ಟಿದ್ದೆವಲ್ಲ, ಮನಸ್ಸು ತುಂಬಿ ತಟ್ಟಿದ್ದೆವು.

ನನ್ನ ಗಂಡ ಕೇಳಿದರು, "ಅದು ಯಾವ ಜಾಗ?" ಗೈಡ್ ತಿರುಗಿಯೂ ನೋಡದೆ, "ಅದೂ ಝಾಸ್, ಇದೂ ಝಾಸ್; ಇಡೀ ಬೆಟ್ಟಕ್ಕೇ ಆ ಹೆಸರು" ಎಂದ. ಅದು ಇದಕ್ಕಿಂತ ಎತ್ತರವಲ್ಲವೇ ಎಂದರೆ, "ಹೆಚ್ಚುಕಡಿಮೆ ಒಂದೇ" ಎಂದ. ಮಗ ತನ್ನ ಫೋನಿನ ನಕ್ಷೆ ತೆಗೆದು ತೋರಿಸಿದ. ನಾವಿದ್ದ ಜಾಗವೇ ಬೇರೆ, ಶಿಖರದ ಗುರುತಿದ್ದ ಜಾಗವೇ ಬೇರೆ. ಎತ್ತರವೂ 950 ಮೀಟರ್ ದಾಟಿರಲಿಲ್ಲ. "ಬೆಟ್ಟದ ಮೇಲೆ ಫೋನ್‌ಗಳು ತಪ್ಪು ತೋರಿಸುತ್ತವೆ" ಎಂಬ ಉತ್ತರ ಬಂತು. ಎತ್ತರದ ಲೆಕ್ಕದಲ್ಲಿ ಫೋನ್ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗಬಹುದು, ಒಪ್ಪುತ್ತೇನೆ. ಆದರೆ ಎದುರಿಗೆ ತಲೆಯೆತ್ತಿ ನೋಡಬೇಕಾದ ಜಾಗವೊಂದು ನಿಂತಿರುವಾಗ ಫೋನ್ ಯಾಕೆ ಬೇಕು? ಹಾಗಿದ್ದರೆ ಅಲ್ಲಿಗೇ ಹೋಗೋಣ ಎಂದು ಎಲ್ಲರೂ ಹೇಳಿದೆವು. ಆಗ ನಿಜ ಹೊರಬಿತ್ತು: "ವ್ಯಾನ್ ವಾಪಸ್ ಹೋಗಬೇಕು, ಮಧ್ಯಾಹ್ನ ನನಗೆ ಇನ್ನೊಂದು ಗುಂಪಿದೆ. ನೀವು ಮುಂದೆ ಹೋಗುವುದಾದರೆ ನಿಮ್ಮ ಜವಾಬ್ದಾರಿಯಲ್ಲಿ ಹೋಗಿ, ವ್ಯಾನ್ ಕಾಯುವುದಿಲ್ಲ."

ವಾಗ್ವಾದ ನಡೆಯುತ್ತಿರುವಾಗಲೇ ಕಂಬದ ಬಳಿ ಇದ್ದ ಇಬ್ಬರೂ ಇಳಿದು ನಮ್ಮನ್ನು ದಾಟಿದರು. ಅವರನ್ನೇ ಕೇಳಿದೆ. ತುದಿಯಿಂದ ಇಲ್ಲಿಗೆ ಕಾಲು ಗಂಟೆ, ಗಾಳಿ ಇದೆ ಆದರೆ ಧಾರಾಳವಾಗಿ ನಿಲ್ಲಬಹುದು ಎಂದರು. ಅವರ ಜೊತೆ ಯಾವ ಗೈಡೂ ಇರಲಿಲ್ಲ. ಕಾಲು ಗಂಟೆ! ಕಾಲು ಗಂಟೆಯ ದಾರಿಯನ್ನು ನಡೆಸದೆ ನಮಗೆ ಸುಳ್ಳು ಹೇಳಿದ್ದರು. ವಯಸ್ಸಾದ ಆ ದಂಪತಿಯನ್ನು ಬಿಟ್ಟು ಮುಂದೆ ಹೋಗಲು ಉಳಿದವರಿಗೆ ಮನಸ್ಸಾಗಲಿಲ್ಲ. ನಮಗೆ ಮರುದಿನ ಬೆಳಿಗ್ಗೆಯೇ ಅಥೆನ್ಸಿನ ಬಂದರಾದ ಪಿರೇಯಸ್‌ಗೆ ಹಡಗಿತ್ತು, ಇನ್ನೊಂದು ದಿನ ಬಂದು ಹತ್ತುವ ಅವಕಾಶವೂ ಇರಲಿಲ್ಲ. ಬಂದ ದಾರಿಯಲ್ಲೇ ಇಳಿಸಿದರು. ಗುಹೆ ಇಲ್ಲ, ಚಿಲುಮೆ ಇಲ್ಲ. ಶಾಸನದ ಬಂಡೆಯ ಬಳಿ ಗೈಡ್ ಈಗಲೂ ನಿಲ್ಲಲಿಲ್ಲ, ಮುಂದೆ ಮುಂದೆ ನಡೆದುಬಿಟ್ಟ. ನಾನೇ ನಿಂತು ನೋಡಿಕೊಂಡು ಬಂದೆ. ಗುಹೆಯ ಮೇಲಿನ ಕೊರಕಲು ಇಳಿಯುವವರಿಗೆ ನಿಜಕ್ಕೂ ಅಪಾಯದ್ದು, ವಯಸ್ಸಾದವರನ್ನು ಅಲ್ಲಿ ಇಳಿಸಬಾರದು ಎಂಬುದು ಸರಿಯೇ. ಹಾಗಿದ್ದಲ್ಲಿ ಆ ದಾರಿಯನ್ನು ಅವರಿಗೆ ಮಾರಿದ್ದೇಕೆ?

ಇದಕ್ಕಿಂತ ಕಷ್ಟವಾದದ್ದು ಸಂಜೆಯ ಫೋನ್ ಕರೆ. ಮುಳ್ಳಯ್ಯನಗಿರಿಯನ್ನು ನೋಡುತ್ತಲೇ ಬೆಳೆದವರು ನಮ್ಮ ತಂದೆ. ಬೆಟ್ಟವೆಂದರೆ ಅವರಿಗೆ ಪ್ರಾಣ. ನಾನು ಕಳುಹಿಸಿದ ಫೋಟೋವನ್ನು ಅವರು ಅಷ್ಟರಲ್ಲಿ ನೆಂಟರ ಗುಂಪಿಗೆಲ್ಲ ಹಾಕಿ, ಮಗಳು ಮೊಮ್ಮಗ ಗ್ರೀಕರ ದೇವರ ಬೆಟ್ಟದ ತುದಿ ಮುಟ್ಟಿದರೆಂದು ಬರೆದಿದ್ದರು. "ಅಪ್ಪಾ, ಅದು ತುದಿಯಲ್ಲ" ಎಂದು ಹೇಳಬೇಕಾಯಿತು. ಪ್ರಮಾಣಪತ್ರವೂ ಇದೆಯಲ್ಲಮ್ಮ ಎಂದರು ಅವರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಈಗ ಸಂಸ್ಥೆಯ ಉತ್ತರಗಳನ್ನು ಕೇಳಿ. ಮೊದಲ ಪತ್ರಕ್ಕೆ ಬಂದ ಉತ್ತರ: ಹವಾಮಾನ ಸರಿಯಿಲ್ಲದ ಕಾರಣ ಗ್ರಾಹಕರ ಸುರಕ್ಷತೆಗಾಗಿ ಗೈಡ್ ಮುಂದೆ ಕರೆದೊಯ್ಯಲಿಲ್ಲ. ಇದು ಹಸಿ ಸುಳ್ಳು. ಗೈಡ್ ಗಾಳಿಯ ಮಾತನ್ನೇ ಎತ್ತಿರಲಿಲ್ಲ. ಅವನು ಹೇಳಿದ್ದು ನಾವು ಶಿಖರದ ಮೇಲಿದ್ದೇವೆ ಎಂದು. ಗಾಳಿ ಜೋರಾಗಿದೆ, ಇಲ್ಲಿಗೇ ನಿಲ್ಲಿಸೋಣ ಎಂದಿದ್ದರೆ ನಾನು ಒಂದು ಮಾತೂ ಆಡದೆ ಇಳಿಯುತ್ತಿದ್ದೆ, ಬೆಟ್ಟದಲ್ಲಿ ಹಾಗೆ ಹಿಂದಿರುಗುವುದು ಮಾಮೂಲು. ಇದನ್ನು ಬರೆದಾಗ ಎರಡನೆಯ ಉತ್ತರ: ನಾವು ಮಾರುವುದು 'ಝಾಸ್ ಪರ್ವತದ ಅನುಭವ', ನಿರ್ದಿಷ್ಟ ಬಿಂದುವನ್ನಲ್ಲ, ಕಾರ್ಯಕ್ರಮದ ವಿವರ ಸೂಚನೆಗಾಗಿ ಮಾತ್ರ. ಹಾಗಾದರೆ 1,004 ಎಂದು ಅಚ್ಚು ಹಾಕಿದ ಪ್ರಮಾಣಪತ್ರ ಯಾವ ಬಿಂದುವಿನದು ಎಂದು ಕೇಳಿದೆ. ಅದಕ್ಕೆ, ಅದೊಂದು ನೆನಪಿನ ಕಾಣಿಕೆ ಎಂದರು. ಆಮೇಲೆ ಮುಂದಿನ ವರ್ಷದ ದೋಣಿ ವಿಹಾರಕ್ಕೆ ಶೇಕಡ 10 ರಿಯಾಯಿತಿ ಕೊಡುತ್ತೇವೆ, ನಿಮ್ಮ ದೂರನ್ನು ಹಿಂದಕ್ಕೆ ಪಡೆಯಿರಿ ಎಂದರು. ಅದನ್ನು ಒಪ್ಪದೆ ಹಣ ಕೇಳಿದಾಗ ದನಿಯೇ ಬದಲಾಯಿತು. ನಿಗದಿತ ದಿನಾಂಕದ ಮನರಂಜನಾ ಸೇವೆಗೆ 14 ದಿನಗಳಲ್ಲಿ ರದ್ದುಪಡಿಸುವ ಹಕ್ಕು ಯುರೋಪಿನ ಕಾನೂನಿನಲ್ಲಿ ಇಲ್ಲವೆಂದು ಪಾಠ ಹೇಳಿದರು. ಕಾನೂನು ಹಾಗಿರುವುದು ನಿಜ. ಆದರೆ ನಾನು ರದ್ದು ಮಾಡಿ ಎಂದು ಕೇಳಿರಲೇ ಇಲ್ಲ. ಹೇಳಿದ್ದನ್ನು ಕೊಡಲಿಲ್ಲ, ಹಣ ಹಿಂತಿರುಗಿಸಿ ಎಂದು ಕೇಳಿದ್ದು. ಎರಡೂ ಬೇರೆ ಬೇರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಕೊನೆಗೆ ಅವರ ಪುಟವನ್ನು ಮತ್ತೆ ತೆರೆದು ನೋಡಿದೆ. 'ಅತ್ಯುನ್ನತ ಶಿಖರದ ಮೇಲೆ ನಿಲ್ಲಿ' ಎಂಬ ಸಾಲು ಮಾಯವಾಗಿತ್ತು. ಅದರ ಜಾಗದಲ್ಲಿ 'ಪವಿತ್ರ ಪರ್ವತದ ಏಣಿನ ಮೇಲೆ ನಡೆಯಿರಿ' ಎಂದು ಬಂದಿದೆ. ಬೆಲೆ ಮಾತ್ರ ಅದೇ, ಮೇಲಿನ ಚಿತ್ರವೂ ಅದೇ: ಸಿಮೆಂಟಿನ ಕಂಬಕ್ಕೆ ಒರಗಿ ನಗುತ್ತಿರುವ ಜನ! ತಪ್ಪು ಮಾಡಿಲ್ಲವೆನ್ನುವವರು ಸಾಲನ್ನು ಅಳಿಸುವುದೇಕೆ?

ಆದ್ದರಿಂದ ಹೋಗುವವರು ಮುಂಗಡ ಕಟ್ಟುವ ಮೊದಲು ಬರವಣಿಗೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಸರ್ವೇ ಕಂಬವಿರುವ ಜಾಗಕ್ಕೆ ಕರೆದೊಯ್ಯುತ್ತೀರೋ ಇಲ್ಲವೋ. ಸುತ್ತಿಬಳಸಿ ಉತ್ತರ ಬಂದರೆ ಬಿಟ್ಟುಬಿಡಿ. ಜಾಹೀರಾತಿನ ಪ್ರತಿಯೊಂದು ಸಾಲಿನ ಚಿತ್ರ ತೆಗೆದಿಟ್ಟುಕೊಳ್ಳಿ. ನನ್ನ ಅಭಿಪ್ರಾಯ ಕೇಳುವುದಾದರೆ, ಆಗಿಯಾ ಮರೀನಾದ ದಾರಿಗೆ ಗೈಡ್ ಬೇಕಾಗಿಯೇ ಇಲ್ಲ. ಹೋರಾದಿಂದ ಫಿಲೋಟಿಗೆ ಬಸ್ಸಿದೆ, ಅಲ್ಲಿಂದ ನಡೆದಾದರೂ ಟ್ಯಾಕ್ಸಿಯಲ್ಲಾದರೂ ಆಗಿಯಾ ಮರೀನಾ ಸೇರಬಹುದು. ಅನಾವಾಸಿ ಅಥವಾ ಟೆರೈನ್ ಎಂಬ ನಕ್ಷೆ ಪ್ರಕಾಶಕರ ನಾಕ್ಸೋಸ್ ನಕ್ಷೆ ಕೊಂಡರೆ ದಾರಿ ತಪ್ಪುವುದಿಲ್ಲ. ನೀರು, ಟೋಪಿ, ಗಾಳಿ ತಡೆಯುವ ಜಾಕೆಟ್ ಇರಲಿ. ಮೋಡ ದಟ್ಟವಾಗಿದ್ದರೆ ಇನ್ನೊಂದು ದಿನ ಹೋಗಿ. ತುರ್ತು ಸಹಾಯಕ್ಕೆ 112. ಕಾರ್ಡಿನಲ್ಲೇ ಹಣ ಕಟ್ಟಿ, ನಗದು ಕೇಳಿದರೆ ಕೊಡಬೇಡಿ. ಯುರೋಪ್ ಒಕ್ಕೂಟದ ದೇಶಗಳಲ್ಲಿ ನೆಲೆಸಿರುವ ನಮ್ಮವರಿಗೆ ಆಯಾ ದೇಶದ ಯುರೋಪಿಯನ್ ಗ್ರಾಹಕ ಕೇಂದ್ರ ಇನ್ನೊಂದು ದೇಶದ ವ್ಯಾಪಾರಿಯ ವಿರುದ್ಧದ ದೂರಿಗೆ ಶುಲ್ಕವಿಲ್ಲದೆ ಸಹಾಯ ಮಾಡುತ್ತದೆ, ನಾನೂ ಅಲ್ಲಿಗೆ ಬರೆದಿದ್ದೇನೆ. ಭಾರತದಿಂದ ಪ್ರವಾಸ ಬರುವವರಿಗೆ ಆ ದಾರಿ ಇಲ್ಲ, ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ತಕರಾರು ಹೂಡಬೇಕು.

ಬ್ಯಾಂಕಿಗೆ ನಾನು ಕೊಟ್ಟಿರುವ ದಾಖಲೆಗಳು: ಹಳೆಯ ಜಾಹೀರಾತಿನ ಚಿತ್ರ, ಬದಲಾಯಿಸಿದ ಜಾಹೀರಾತಿನ ಚಿತ್ರ, ಮಗನ ಫೋನಿನ ನಕ್ಷೆ, ಅವರ ಎಲ್ಲ ಉತ್ತರಗಳು, ಮತ್ತು ಆ ಪ್ರಮಾಣಪತ್ರ. ಗುಂಪಿನಲ್ಲಿದ್ದ ವಯಸ್ಸಾದ ದಂಪತಿಯೂ ತಮ್ಮ ಬ್ಯಾಂಕಿನಲ್ಲಿ ದೂರು ಕೊಟ್ಟಿದ್ದಾರೆ. ಸಂಸ್ಥೆಯವರು ನಿನ್ನೆ ಬರೆದಿದ್ದಾರೆ, ತಕರಾರನ್ನು ಹಿಂತೆಗೆದುಕೊಂಡರೆ ಅರ್ಧ ಹಣ ಕೊಡುವರಂತೆ. ಪೂರ್ತಿ ಹಣ ಕೊಡುವವರೆಗೆ ಹಿಂತೆಗೆದುಕೊಳ್ಳುವುದಿಲ್ಲವೆಂದು ಉತ್ತರಿಸಿದ್ದೇನೆ.