ಹೂಳೆತ್ತುವಾಗ ಕಡಲಿಗೆ ಬೀಳುವ ಪೆಟ್ಟು: ಸೆನ್ಸರ್, ಕೆಸರಿನ ಮಾದರಿ, ಉಪಗ್ರಹ ಚಿತ್ರ

ಹೂಳೆತ್ತುವಾಗ ಕಡಲಿಗೆ ಆಗುವ ಹಾನಿಯನ್ನು ಅಳೆಯಲು ಸೆನ್ಸರ್, ಕೆಸರಿನ ಮಾದರಿ, ಉಪಗ್ರಹ ಚಿತ್ರ ಈ ಮೂರರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ಮೊದಲು ಇದು ಹೇಳಿ: ಉತ್ತರ ಇವತ್ತೇ ಬೇಕೋ, ವರ್ಷ ಬಿಟ್ಟು ಬಂದರೂ ಆದೀತೋ?

ಇವತ್ತೇ ಬೇಕಾದರೆ ಟರ್ಬಿಡಿಟಿ ಸೆನ್ಸರ್. ನೀರು ಎಷ್ಟು ಕದಡಿದೆ ಎಂದು ಆಗಿಂದಾಗಲೇ ಹೇಳುತ್ತದೆ; ಮಿತಿ ದಾಟಿದರೆ ಡ್ರೆಜರ್ (ಹೂಳೆತ್ತುವ ಯಂತ್ರ) ನಿಲ್ಲಿಸಬಹುದು. ಹತ್ತಿರ ಹವಳ, ಕಡಲಹುಲ್ಲು ಇದ್ದರೆ ಇದೇ ಮೊದಲು. ಆದರೆ ಲೆನ್ಸಿಗೆ ಪಾಚಿ ಹತ್ತಿದರೆ ಅಂಕಿ ಕೆಡುತ್ತದೆ, ಒರೆಸುತ್ತಲೇ ಇರಬೇಕು.

ತಳದ ಜೀವಿಗಳಿಗೆ ಏನಾಯಿತು ಎಂದು ತಿಳಿಯಲು ಕೆಸರನ್ನೇ ಎತ್ತಬೇಕು. ಗ್ರ್ಯಾಬ್ (ಕೆಸರು ಬಾಚುವ ದವಡೆಯಂಥ ಸಾಧನ) ಒಮ್ಮೆಗೆ ಸಾಮಾನ್ಯವಾಗಿ 0.1 ಚದರ ಮೀಟರ್ ತಳವನ್ನು ಕಚ್ಚಿ ತರುತ್ತದೆ. 0.5 ಅಥವಾ 1 ಮಿಲಿಮೀಟರ್ ಜರಡಿಯಲ್ಲಿ ತೊಳೆದು, ಉಳಿದ ಹುಳು, ಚಿಪ್ಪುಜೀವಿಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಬೇಕು. ದುಬಾರಿ, ನಿಧಾನ, ಆದರೂ ನನಗೆ ಹೆಚ್ಚು ನಂಬಿಕೆ ಇದರ ಮೇಲೆಯೇ. ಕೆಲಸ ಶುರುವಾಗುವ ಮುಂಚಿನ ಮಾದರಿ, ಹೂಳೆತ್ತದ ಜಾಗದ ಮಾದರಿ ಎರಡೂ ಕೈಯಲ್ಲಿರಬೇಕು. ಇಲ್ಲದಿದ್ದರೆ ಋತುಮಾನದ ಏರಿಳಿತವೂ ಡ್ರೆಜರ್ ತಲೆಗೇ ಬರುತ್ತದೆ.

ಹಣ ಕಮ್ಮಿಯೇ? ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ, 10 ಮೀಟರ್ ವಿವರದವರೆಗೆ ಸಿಗುತ್ತವೆ. ರಾಡಿ ಎತ್ತ ಹರಡಿತು ಎಂದು ನೋಡಲು ಸಾಕು. ಮೋಡ ಕವಿದರೆ ಕುರುಡು, ತಳದ ಹತ್ತಿರದ ಕದಡು ಕಾಣದು.

ಹಳೆಯ ಕೈಗಾರಿಕಾ ಬಂದರಾದರೆ ಹೂಳಿನಲ್ಲಿ ಭಾರಲೋಹ ಇದ್ದೀತು. ಅದಕ್ಕೆ ಲ್ಯಾಬ್ ಪರೀಕ್ಷೆ ಬೇರೆಯೇ ಮಾಡಿಸಿ.