ಬಟುಮಿ ಫೈನಲ್: ಮಗಳಿಗೆ ಮೊದಲು ಯಾವ ಆಟ?

2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ನಡೆದ ಮಹಿಳಾ ಚೆಸ್ ವಿಶ್ವಕಪ್ ಫೈನಲ್‌ನಲ್ಲಿ ಕೊನೇರು ಹಂಪಿ ಹಾಗೂ ದಿವ್ಯಾ ದೇಶಮುಖ್ ಆಡಿದ ಆಟಗಳ ಪೈಕಿ ಯಾವುದನ್ನು ಮಗಳಿಗೆ ಮೊದಲು ತೋರಿಸಬೇಕೆಂದು ಯೋಚಿಸುತ್ತಿರುವ ತುಮಕೂರಿನ ಪೋಷಕರಿಗೆ ನಾನು ಸೂಚಿಸುವುದು ಮೊದಲ ಕ್ಲಾಸಿಕಲ್ (ದೀರ್ಘ ಸಮಯದ) ಆಟವನ್ನು. ಮೊದಲ 40 ನಡೆಗಳಿಗೆ ತಲಾ 90 ನಿಮಿಷ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡು ಇದ್ದುದರಿಂದ, ಬಿಳಿ ಕಾಯಿಯ ದಿವ್ಯಾ ಮೇಲುಗೈ ಪಡೆದದ್ದೂ ಹಂಪಿ ತಾಳ್ಮೆಯಿಂದ ಡ್ರಾ ಸಾಧಿಸಿದ್ದೂ ಹಂತಹಂತವಾಗಿ ಅರ್ಥವಾಗುತ್ತವೆ. ಮುಂದಿನ ನಡೆಯನ್ನು ಕೈಯಿಂದ ಮುಚ್ಚಿ, ಮಗುವೇ ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ.

ಕ್ಲಾಸಿಕಲ್ ಆಟಗಳು ಸಮಬಲವಾದ ಮೇಲೆ ವಿಜೇತರನ್ನು ನಿರ್ಧರಿಸಲು ಆಡಿದ, ಕಡಿಮೆ ಸಮಯದ ಎರಡನೆಯ ರ‍್ಯಾಪಿಡ್ ಆಟಕ್ಕಿದ್ದುದು 15 ನಿಮಿಷ ಮತ್ತು ನಡೆಗೆ 10 ಸೆಕೆಂಡು ಮಾತ್ರ. ಗಡಿಯಾರದ ಒತ್ತಡದಲ್ಲಿ ಹಂಪಿ ಎಡವಿದಾಗ ಕಪ್ಪು ಕಾಯಿಯ ದಿವ್ಯಾ ಗೆದ್ದು, 19ನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಕೂಡ ಆದರು. ರೋಚಕತೆ ಇಲ್ಲಿಯೇ ಹೆಚ್ಚು; ಆದರೂ ಅಂತ್ಯಾಟದ (ಕೆಲವೇ ಕಾಯಿಗಳು ಉಳಿದಾಗಿನ ಕೊನೆಯ ಹಂತದ) ಪಾಠಗಳು ಮುಗಿಯದ ಮಕ್ಕಳಿಗೆ ಇದನ್ನು ಆಮೇಲೆ ತೋರಿಸುವುದೇ ಸೂಕ್ತ.