ಹಳೆಯ ಪೆಂಟಿಯಂಗೆ ಯಾವುದು: ವಿಂಡೋಸ್ 98 ಸರ್ವಿಸ್ ಪ್ಯಾಕಾ, ಫ್ರೀಡಾಸಾ?

ದಾವಣಗೆರೆಯ ಮಂಡಿಪೇಟೆಯ ಯಾವುದೋ ಅಂಗಡಿಯಲ್ಲಿ ಮೂಲೆ ಸೇರಿದ್ದ ಪೆಂಟಿಯಂ 3 ಕಂಪ್ಯೂಟರ್ ನಿಮ್ಮ ಕೈಗೆ ಬಂದಿದೆಯಾ? ಮೊದಲು ಅದರೊಳಗೆ ಏನಿದೆ ನೋಡಿ. ಹಳೆಯ ಕನ್ನಡ ಟೈಪಿಂಗ್ ಪ್ರೋಗ್ರಾಂಗಳಾದ ನುಡಿ, ಬರಹದಲ್ಲಿ ಟೈಪ್ ಮಾಡಿದ ಪತ್ರ, ಲಗ್ನಪತ್ರಿಕೆಗಳಿದ್ದರೆ ವಿಂಡೋಸ್ 98 ಎಸ್‌ಇ (ಎರಡನೇ ಆವೃತ್ತಿ) ತೆಗೆಯಬೇಡಿ. ಮೈಕ್ರೋಸಾಫ್ಟ್ 2006ರ ಜುಲೈನಲ್ಲಿ ಅದರ ಕೈಬಿಟ್ಟಿತು. ಅಭಿಮಾನಿಗಳು ಬಿಡಲಿಲ್ಲ. ಚದುರಿದ್ದ ತಿದ್ದುಪಡಿಗಳನ್ನೆಲ್ಲ ಒಟ್ಟುಗೂಡಿಸಿ ಅನಧಿಕೃತ ಸರ್ವಿಸ್ ಪ್ಯಾಕ್ ಮಾಡಿದ್ದಾರೆ. ಇದರ ದೊಡ್ಡ ಲಾಭ ಪೆನ್‌ಡ್ರೈವ್. ಒಂದೊಂದಕ್ಕೂ ಬೇರೆ ಡ್ರೈವರ್ ಹುಡುಕುವ ಗೋಳು ತಪ್ಪುತ್ತದೆ. ಪೆನ್‌ಡ್ರೈವ್ ಅನ್ನು ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ. ಹಳೆಯ ಫೈಲ್ ಹೊರಗೆ ತರಲು ಇಷ್ಟು ಸಾಕು, ಅಲ್ವಾ? ಕರ್ನಲ್‌ಎಕ್ಸ್ ಎಂಬ ಹೆಚ್ಚುವರಿ ಪ್ರೋಗ್ರಾಂ ಸೇರಿಸಿದರೆ ವಿಂಡೋಸ್ ಎಕ್ಸ್‌ಪಿಗೆ ಬರೆದ ಕೆಲವು ಪ್ರೋಗ್ರಾಂಗಳೂ ಓಡುತ್ತವೆ. ಎಲ್ಲವೂ ಅಲ್ಲ. ಏನೇ ಹಾಕುವ ಮುನ್ನ ಡಿಸ್ಕ್ ಪೂರ್ತಿ ಕಾಪಿ ಮಾಡಿಕೊಳ್ಳಿ.

ಫ್ರೀಡಾಸ್ ದಾರಿಯೇ ಬೇರೆ. ವಿಂಡೋಸ್‌ಗೂ ಹಿಂದಿನ ಡಾಸ್‌ನ ಪ್ರೋಗ್ರಾಂಗಳನ್ನು ಓಡಿಸುವ ಆಪರೇಟಿಂಗ್ ಸಿಸ್ಟಂ ಇದು. ಜಿಮ್ ಹಾಲ್ 1994ರಲ್ಲಿ ಶುರು ಮಾಡಿದ್ದು. 1.4 ಆವೃತ್ತಿ 2025ರಲ್ಲಿ ಬಂತು. ಉಚಿತ, ಇವತ್ತಿಗೂ ಕೆಲಸ ನಡೆದೇ ಇದೆ. ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಬೇಕಿದ್ದರೆ ನನ್ನ ಆಯ್ಕೆ ಇದೇ. ಆದರೆ ವಿಂಡೋಸ್‌ನ ನುಡಿ, ಬರಹ ಇದರಲ್ಲಿ ತೆರೆಯುವುದಿಲ್ಲ.

ಯಾವುದನ್ನೇ ಹಾಕಿ, ಸುಮ್ನೆ ಇಂಟರ್ನೆಟ್‌ಗೆ ಜೋಡಿಸಬೇಡಿ. ಬ್ಯಾಂಕಿನ ಕೆಲಸವಂತೂ ಬೇಡವೇ ಬೇಡ.